ನರ್ಸಿಂಗ್ ಓದಿಗೆ ಕಂಪ್ಯೂಟರ್ ಏಕೆ? ದಾನಿಗಳಿಗೂ ಪೋಷಕರಿಗೂ ಒಂದು ಪಾಠ





ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನಕ್ಕೆ ಬರುವ ಅರ್ಜಿಗಳಲ್ಲಿ ನರ್ಸಿಂಗ್ ಓದುವವರ ಅರ್ಜಿಗಳೂ ಸಾಕಷ್ಟಿವೆ. ಕಳಲೆ, ನಂಜನಗೂಡು, ಹುಲ್ಲಹಳ್ಳಿ, ಟಿ. ನರಸೀಪುರ, ಬನ್ನೂರು ಕಡೆಯ ಹೆಣ್ಣುಮಕ್ಕಳು ಪಿಯುಸಿ ಮುಗಿಸಿ ಮೈಸೂರಿನ ಬಸ್ಸು ಹತ್ತುತ್ತಿದ್ದಾರೆ. ಫೀಸು, ಸಮವಸ್ತ್ರ, ಹಾಸ್ಟೆಲ್ ಖರ್ಚಿನ ಜೊತೆಗೆ ಈಚೆಗೆ ಕಂಪ್ಯೂಟರಿನ ಬೇಡಿಕೆಯೂ ಅರ್ಜಿಗಳಲ್ಲಿ ಕಾಣಿಸುತ್ತಿದೆ. ದಾನಿಗಳಲ್ಲಿ ಕೆಲವರು, "ಸೂಜಿ ಚುಚ್ಚುವ, ಗಾಯ ಕಟ್ಟುವ ಹುಡುಗಿಗೆ ಕಂಪ್ಯೂಟರ್ ಯಾಕೆ ಮೇಷ್ಟ್ರೇ?" ಎಂದು ಕೇಳಿದ್ದಾರೆ. ಪೋಷಕರಲ್ಲಿ ಕೆಲವರು, "ಮಗಳ ಕೈಗೆ ಫೋನ್ ಕೊಟ್ಟರೆ ಓದು ಕೆಡುತ್ತದಲ್ಲ" ಎಂದು ಹಿಂಜರಿದಿದ್ದಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು ನಾವು. ಪ್ರಶ್ನೆಗೆ ಪಾಠದ ರೂಪದಲ್ಲಿಯೇ ಉತ್ತರ ಕೊಡುವುದು ನಮಗೆ ರೂಢಿ. ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇವೆ.

1. ಪಠ್ಯಕ್ರಮದಲ್ಲಿ ಏನಿದೆ?

ನಮ್ಮ ದೇಶದಲ್ಲಿ ನರ್ಸಿಂಗ್ ಪಠ್ಯಕ್ರಮವನ್ನು ನಿಗದಿ ಮಾಡುವುದು ಭಾರತೀಯ ನರ್ಸಿಂಗ್ ಪರಿಷತ್ತು. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ಪರಿಷತ್ತು ರೂಪಿಸಿದ ಹೊಸ ಪಠ್ಯಕ್ರಮ 2021ರಲ್ಲಿ ರಾಜಪತ್ರದಲ್ಲಿ ಪ್ರಕಟವಾಯಿತು. ವರ್ಷದ ಲೆಕ್ಕ ಹೋಗಿ ಎಂಟು ಸೆಮಿಸ್ಟರುಗಳ ಲೆಕ್ಕ ಬಂತು. ಎರಡನೆಯ ಸೆಮಿಸ್ಟರಿನಲ್ಲಿಯೇ 'ಆರೋಗ್ಯ ಮತ್ತು ನರ್ಸಿಂಗ್ ಇನ್ಫರ್ಮ್ಯಾಟಿಕ್ಸ್ ಹಾಗೂ ತಂತ್ರಜ್ಞಾನ' ಎಂಬ ವಿಷಯವಿದೆ. 40 ಗಂಟೆ ತರಗತಿಯ ಪಾಠ, 40 ಗಂಟೆ ಪ್ರಯೋಗಾಲಯದ ಅಭ್ಯಾಸ. ಕಂಪ್ಯೂಟರ್ ಬಳಕೆಯಿಂದ ಆರಂಭಿಸಿ, ಆಸ್ಪತ್ರೆಯ ಮಾಹಿತಿ ವ್ಯವಸ್ಥೆ, ರೋಗಿಯ ವಿದ್ಯುನ್ಮಾನ ದಾಖಲೆ, ರೋಗಿಯ ಸುರಕ್ಷತೆ, ಮಾಹಿತಿಗೆ ಸಂಬಂಧಿಸಿದ ಕಾನೂನು, ಇಷ್ಟೂ ಅದರಲ್ಲಿ ಬರುತ್ತವೆ.

ಇನ್ಫರ್ಮ್ಯಾಟಿಕ್ಸ್ ಎಂಬುದು ದೊಡ್ಡ ಮಾತೆಂದು ಹೆದರಬೇಕಾಗಿಲ್ಲ. ಮಾಹಿತಿಯನ್ನು ಸರಿಯಾಗಿ ಸಂಗ್ರಹಿಸುವುದು, ಜೋಪಾನವಾಗಿ ಇಡುವುದು, ಬೇಕಾದಾಗ ಬೇಕಾದವರಿಗೆ ಸಿಗುವಂತೆ ಮಾಡುವುದು, ಅದನ್ನು ಓದಿ ತೀರ್ಮಾನಕ್ಕೆ ಬರುವುದು, ಇಷ್ಟೇ ಅದರ ಅರ್ಥ. ನಾವು ಶಾಲೆಯಲ್ಲಿ ಹಾಜರಿ ಪುಸ್ತಕ, ದಾಖಲಾತಿ ವಹಿ ಬರೆಯುತ್ತಿದ್ದುದೂ ಇದೇ ಕೆಲಸ. ದಾಖಲಾತಿ ವಹಿಯಲ್ಲಿ ಹುಟ್ಟಿದ ತಾರೀಕು ಒಂದು ಅಂಕಿ ತಪ್ಪಿದರೆ ಆ ಮಗು ಮುಂದೆ ಎಷ್ಟು ಕಚೇರಿ ಸುತ್ತಬೇಕೆಂಬುದು ನಿಮಗೆಲ್ಲ ಗೊತ್ತು. ಆಸ್ಪತ್ರೆಯ ದಾಖಲೆಯಲ್ಲಿ ಒಂದು ಅಂಕಿ ತಪ್ಪಿದರೆ ಹೋಗುವುದು ಜೀವ.

2. ಅಂಕಿ, ಮಾಹಿತಿ, ತಿಳಿವಳಿಕೆ

ಈ ವಿಷಯದ ಮೂಲಪಾಠವೇ ಈ ಮೂರು ಮೆಟ್ಟಿಲು. ಬಿಡಿ ಅಂಕಿ ಮೊದಲನೆಯದು. ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟಾಗ ಸಿಗುವುದು ಮಾಹಿತಿ. ಆ ಮಾಹಿತಿಯಿಂದ ಈಗ ಏನು ಮಾಡಬೇಕೆಂದು ಅರಿಯುವುದು ತಿಳಿವಳಿಕೆ. ಒಂದು ಉದಾಹರಣೆಯಿಂದ ನೋಡೋಣ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಎಂಬ ವೈದ್ಯರ ಸಂಸ್ಥೆ 2012ರಲ್ಲಿ ಒಂದು ಮುನ್ನೆಚ್ಚರಿಕೆ ಅಂಕಪಟ್ಟಿಯನ್ನು ಹೊರತಂದು 2017ರಲ್ಲಿ ಪರಿಷ್ಕರಿಸಿತು. ಇಂಥ ಅಂಕಪಟ್ಟಿಗಳನ್ನು ಈಗ ನಮ್ಮ ದೇಶದ ಹಲವು ಆಸ್ಪತ್ರೆಗಳೂ ಬಳಸುತ್ತವೆ. ಉಸಿರಾಟ, ರಕ್ತದಲ್ಲಿನ ಆಮ್ಲಜನಕ, ರಕ್ತದೊತ್ತಡ, ನಾಡಿ, ಎಚ್ಚರದ ಸ್ಥಿತಿ, ಜ್ವರ, ಈ ಆರಕ್ಕೂ 0ಯಿಂದ 3ರವರೆಗೆ ಅಂಕ. ನಮ್ಮ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದರೆ ಸಂತೋಷ. ಇಲ್ಲಿ ಹೆಚ್ಚು ಅಂಕ ಬಂದರೆ ಅಪಾಯ.

ಜ್ವರವೆಂದು ಸೇರಿದ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಆರಕ್ಕೆ ಆಕೆಯ ಎಲ್ಲ ಅಳತೆಗಳೂ ಸರಿ ಇದ್ದವು, ಅಂಕ 0. ಹತ್ತು ಗಂಟೆಗೆ ನೋಡಿದಾಗ ಹೀಗಿದೆ:

ಉಸಿರಾಟ ನಿಮಿಷಕ್ಕೆ 22: ಅಂಕ 2
ಆಮ್ಲಜನಕ ಶೇ. 95: ಅಂಕ 1
ರಕ್ತದೊತ್ತಡದ ಮೇಲಿನ ಅಂಕಿ 108: ಅಂಕ 1
ನಾಡಿ ನಿಮಿಷಕ್ಕೆ 104: ಅಂಕ 1
ಜ್ವರ 101 ಡಿಗ್ರಿ ಫ್ಯಾರನ್‌ಹೀಟ್: ಅಂಕ 1
ಪೂರ್ಣ ಎಚ್ಚರವಾಗಿದ್ದಾರೆ, ಮಾತಾಡುತ್ತಿದ್ದಾರೆ: ಅಂಕ 0
ಒಟ್ಟು: 6

ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಯಾವುದೂ ಗಾಬರಿಪಡುವಂಥದ್ದಲ್ಲ. ಸ್ವಲ್ಪ ಜ್ವರ, ಸ್ವಲ್ಪ ಏದುಸಿರು. ರೋಗಿ ಮನೆಯವರೊಡನೆ ಮಾತಾಡುತ್ತ ಕುಳಿತಿದ್ದಾರೆ. ಆದರೆ ಒಟ್ಟು 5 ಮುಟ್ಟಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು, ಕನಿಷ್ಠ ಗಂಟೆಗೊಮ್ಮೆ ಅಳತೆ ನೋಡಬೇಕು ಎಂಬುದು ಆ ಪಟ್ಟಿಯ ನಿಯಮ. 7 ಮುಟ್ಟಿದರೆ ಬಿಡದೆ ನಿಗಾ ಇಡಬೇಕು, ತುರ್ತು ತಂಡವನ್ನೇ ಕರೆಯಬೇಕು. ಕಂಪ್ಯೂಟರ್ ಇರುವ ವಾರ್ಡಿನಲ್ಲಿ ಅಂಕಿಗಳನ್ನು ತುಂಬಿದೊಡನೆ ಒಟ್ಟು ಅಂಕ ತಾನಾಗಿ ಬರುತ್ತದೆ. ಬೆಳಗಿನದಕ್ಕೂ ಈಗಿನದಕ್ಕೂ ಆದ ಬದಲಾವಣೆ ಗೆರೆಯಾಗಿ ಕಾಣುತ್ತದೆ.

ಈಗ ಮುಖ್ಯವಾದ ಮಾತಿಗೆ ಬರೋಣ. ಉಸಿರಾಟವನ್ನು ಪೂರ್ತಿ ಒಂದು ನಿಮಿಷ ಎದೆಯ ಏರಿಳಿತ ನೋಡುತ್ತ ಎಣಿಸಬೇಕು. ವಾರ್ಡಿನಲ್ಲಿ ನಲವತ್ತು ಕೆಲಸಗಳ ನಡುವೆ ಆ ಒಂದು ನಿಮಿಷ ಉಳಿಸಲು, ಎಣಿಸದೆ, ಬೆಳಿಗ್ಗೆ ಬರೆದಿದ್ದ 18ನ್ನೇ ಮತ್ತೆ ಬರೆದುಬಿಟ್ಟರೆ ಏನಾಗುತ್ತದೆ? 18ಕ್ಕೆ ಅಂಕ 0. ಒಟ್ಟು 6 ಇದ್ದದ್ದು 4 ಆಗುತ್ತದೆ. 4ಕ್ಕೆ ವೈದ್ಯರನ್ನು ಕೂಡಲೇ ಕರೆಯಬೇಕೆಂಬ ನಿಯಮವಿಲ್ಲ. ನಾಲ್ಕರಿಂದ ಆರು ಗಂಟೆಗೊಮ್ಮೆ ಅಳತೆ ನೋಡಿದರೆ ಸಾಕು. ಕಂಪ್ಯೂಟರ್ ಏನೂ ತಪ್ಪು ಮಾಡಿಲ್ಲ. ಕೊಟ್ಟ ಅಂಕಿಯನ್ನು ಸರಿಯಾಗಿಯೇ ಕೂಡಿದೆ. ಆದರೆ ಆ ತಾಯಿಗೆ ಸಿಗಬೇಕಾದ ಚಿಕಿತ್ಸೆ ಗಂಟೆಗಟ್ಟಲೆ ತಡವಾಯಿತು.

ಇಡೀ ವಿಷಯದ ಸಾರ ಇಲ್ಲಿದೆ. ಯಂತ್ರಕ್ಕೆ ಕೂಡುವುದು, ನೆನಪಿಡುವುದು, ಎಚ್ಚರಿಸುವುದು ಗೊತ್ತು. ನಿಜವಾಗಿ ಎಣಿಸಿದ್ದೋ ಊಹಿಸಿ ಬರೆದದ್ದೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಆ ಸತ್ಯ ನರ್ಸಿನ ಕೈಯಲ್ಲಿದೆ. ಆದ್ದರಿಂದ ಈ ಓದು ಬರೀ ಯಂತ್ರ ನಡೆಸುವ ಓದಲ್ಲ. ಪ್ರಾಮಾಣಿಕವಾಗಿ ದಾಖಲಿಸುವ, ದಾಖಲಾದದ್ದನ್ನು ಅರ್ಥ ಮಾಡಿಕೊಳ್ಳುವ ಓದು.

3. ಇದು ಹೊಸ ಮಾತೇನಲ್ಲ

ಶುಶ್ರೂಷೆಯ ಚರಿತ್ರೆಯಲ್ಲಿ ನಮ್ಮ ಹೆಣ್ಣುಮಕ್ಕಳು ಹೆಮ್ಮೆಯಿಂದ ನೆನೆಯುವ ಹೆಸರು ರುಫೈದಾ ಅಲ್-ಅಸ್ಲಮಿಯ್ಯಾ ಅವರದು. ಪ್ರವಾದಿಯವರ ಕಾಲದಲ್ಲಿ ಮದೀನಾದ ಮಸೀದಿಯ ಬಳಿ ಗುಡಾರ ಹಾಕಿ ಗಾಯಾಳುಗಳನ್ನು ಉಪಚರಿಸಿದವರು ಅವರು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ ಅವರನ್ನು ಆ ಗುಡಾರಕ್ಕೇ ಕರೆತರಲಾಯಿತು. "ನರ್ಸ್ ಕೆಲಸ ನಮ್ಮ ಮನೆತನಕ್ಕೆ ಒಗ್ಗುವುದಿಲ್ಲ" ಎನ್ನುವ ಹಿರಿಯರಿಗೆ ಇಷ್ಟು ನೆನಪಿಸಿದರೆ ಸಾಕು.

ಅಂಕಿ ಅಂಶವನ್ನು ಶುಶ್ರೂಷೆಗೆ ತಂದವರು ಫ್ಲಾರೆನ್ಸ್ ನೈಟಿಂಗೇಲ್ (1820–1910). ದೀಪ ಹಿಡಿದ ಮಹಿಳೆಯೆಂದು ನಮ್ಮ ಪಠ್ಯಪುಸ್ತಕಗಳು ಅವರನ್ನು ಪರಿಚಯಿಸುತ್ತವೆ. ಅವರು ಲೆಕ್ಕದ ಪುಸ್ತಕ ಹಿಡಿದ ಮಹಿಳೆಯೂ ಹೌದು. 1854ರಲ್ಲಿ ಕ್ರಿಮಿಯಾ ಯುದ್ಧದ ಸಮಯದಲ್ಲಿ 38 ಮಂದಿ ಶುಶ್ರೂಷಕಿಯರೊಡನೆ ತುರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಹೋದರು. ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ತಡೆಯಬಹುದಾಗಿದ್ದ ರೋಗಗಳಿಂದ ಸತ್ತರೆಂಬುದನ್ನು 1858ರಲ್ಲಿ ಬಣ್ಣದ ನಕ್ಷೆ ಬರೆದು ಸರ್ಕಾರಕ್ಕೆ ತೋರಿಸಿದರು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯಾದರು. ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ಲೆಕ್ಕ ಇಡಬೇಕು, ಆಗ ಮಾತ್ರ ಒಂದನ್ನು ಇನ್ನೊಂದರೊಡನೆ ಹೋಲಿಸಬಹುದು ಎಂದು ವಾದಿಸಿ 1860ರಲ್ಲಿ ನಮೂನೆಗಳನ್ನೂ ಮುಂದಿಟ್ಟರು. ಇಂದಿನ ವಿದ್ಯುನ್ಮಾನ ದಾಖಲೆಯ ಹಿಂದಿರುವ ಆಲೋಚನೆಯೂ ಅದೇ. ಅಂದು ಕಾಗದ, ಇಂದು ಪರದೆ.

4. ನಮ್ಮೂರ ಆರೋಗ್ಯ ಕೇಂದ್ರದಲ್ಲಿ

ಇದೆಲ್ಲ ದೊಡ್ಡ ಖಾಸಗಿ ಆಸ್ಪತ್ರೆಗಳ ಮಾತು, ಹಳ್ಳಿಗೆ ಸಂಬಂಧವಿಲ್ಲ ಎಂದುಕೊಳ್ಳಬೇಡಿ. ಹಳ್ಳಿಗೆ ಬರುವ ಸಿಸ್ಟರ್ ಕೈಯಲ್ಲಿ ಏನಿದೆ ನೋಡಿ. ಗರ್ಭಿಣಿಯ ತಾಯಿ ಕಾರ್ಡಿನಲ್ಲಿ ಬರೆದದ್ದು ತಾಯಿ ಮಕ್ಕಳ ಆರೋಗ್ಯದ ಆರ್‌ಸಿಎಚ್ ಪೋರ್ಟಲಿಗೂ ಸೇರಬೇಕು. ಅದಕ್ಕಾಗಿಯೇ ಸಿದ್ಧವಾದ 'ಅನ್ಮೋಲ್' ಎಂಬ ಆ್ಯಪ್ ಟ್ಯಾಬ್ಲೆಟ್‌ನಲ್ಲಿ ನೆಟ್‌ವರ್ಕ್ ಇಲ್ಲದ ಕಡೆಯೂ ನಮೂದು ಮಾಡಿಕೊಂಡು, ನೆಟ್‌ವರ್ಕ್ ಸಿಕ್ಕಾಗ ಕಳಿಸುತ್ತದೆ. ಕ್ಷಯರೋಗಿಗಳ ದಾಖಲೆಗೆ 2012ರಿಂದ 'ನಿಕ್ಷಯ್' ಇದೆ. ಕೋವಿಡ್ ಲಸಿಕೆಯ ಕಾಲದ 'ಕೋವಿನ್' ಎಲ್ಲರಿಗೂ ನೆನಪಿದೆ. ಮಕ್ಕಳ, ಗರ್ಭಿಣಿಯರ ಲಸಿಕೆಗೆ ಅದೇ ಮಾದರಿಯ 'ಯು-ವಿನ್' ಬಂದಿದೆ. 2019ರಲ್ಲಿ ಆರಂಭವಾದ 'ಇ-ಸಂಜೀವಿನಿ'ಯ ಮೂಲಕ ಹಳ್ಳಿಯ ಉಪಕೇಂದ್ರದಲ್ಲಿ ಕುಳಿತ ಸಮುದಾಯ ಆರೋಗ್ಯ ಅಧಿಕಾರಿ ದೂರದ ವೈದ್ಯರೊಡನೆ ರೋಗಿಯನ್ನು ಮಾತಾಡಿಸಬಹುದು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರಿಗೆ ಈ ಸಮುದಾಯ ಆರೋಗ್ಯ ಅಧಿಕಾರಿಯ ಹುದ್ದೆಯ ದಾರಿಯೂ ತೆರೆದಿದೆ.

ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಿದ್ದರೆ ತೀವ್ರ ರಕ್ತಹೀನತೆ. ಉಪಕೇಂದ್ರದಲ್ಲಿ 6.8 ಎಂದು ಸರಿಯಾಗಿ ನಮೂದಾದರೆ ಆಕೆ ಗಂಡಾಂತರದ ಗರ್ಭಿಣಿಯರ ಪಟ್ಟಿಗೆ ಸೇರುತ್ತಾಳೆ. ಹೆರಿಗೆಗೆ ಮೊದಲೇ ತಾಲ್ಲೂಕು ಆಸ್ಪತ್ರೆಗೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಕಳಿಸುವ ವ್ಯವಸ್ಥೆ ಮಾಡಬಹುದು. 6.8ರ ಬದಲು 8.6 ಎಂದು ಬೆರಳು ಜಾರಿದರೆ ಆ ಪಟ್ಟಿಯಲ್ಲಿ ಆಕೆಯ ಹೆಸರೇ ಇರುವುದಿಲ್ಲ.

ಹೆಸರಿನ ಮಾತೂ ಬಂತು. ನಮ್ಮ ಮೊಹಲ್ಲಾಗಳಲ್ಲಿ ಫಾತಿಮಾ, ಆಯಿಷಾ ಎಷ್ಟು ಮಂದಿ! ಒಂದೇ ವಾರ್ಡಿನಲ್ಲಿ ಇಬ್ಬರು ಫಾತಿಮಾ ಬೇಗಂ ಇದ್ದರೆ ಒಬ್ಬರ ಔಷಧ ಇನ್ನೊಬ್ಬರಿಗೆ ಹೋಗುವ ಅಪಾಯವಿದೆ. ಹೆಸರಿನ ಜೊತೆಗೆ ಆಸ್ಪತ್ರೆಯ ಸಂಖ್ಯೆ ಅಥವಾ ಹುಟ್ಟಿದ ದಿನಾಂಕ, ಹೀಗೆ ಎರಡು ಗುರುತು ತಾಳೆ ನೋಡಿಯೇ ಔಷಧ ಕೊಡಬೇಕೆಂದು ನರ್ಸಿಂಗ್‌ನಲ್ಲಿ ಕಲಿಸುವುದು ಇದಕ್ಕೇ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ ಕೊಡುವ 14 ಅಂಕಿಯ 'ಆಭಾ' ಸಂಖ್ಯೆಯ ಉದ್ದೇಶವೂ ಇಂಥದೇ: ಒಬ್ಬರ ದಾಖಲೆ ಇನ್ನೊಬ್ಬರದರೊಡನೆ ಬೆರೆಯದೆ ಅವರವರಿಗೇ ಸೇರಿರಬೇಕು.

5. ಗೊಂಬೆಯ ಮೇಲೆ ಕಲಿತು ಮನುಷ್ಯರ ಬಳಿಗೆ

ಕಲಿಸುವ ವಿಧಾನವೂ ಬದಲಾಗಿದೆ. ಮೊದಲ ಸೂಜಿಯನ್ನು ರೋಗಿಯ ತೋಳಿಗೇ ಚುಚ್ಚಿ ಕಲಿಯುವ ಬದಲು ಈಗ ಕೌಶಲ ಪ್ರಯೋಗಾಲಯದಲ್ಲಿ ಮನುಷ್ಯಾಕಾರದ ಗೊಂಬೆಗಳ ಮೇಲೆ ಕಲಿಯುತ್ತಾರೆ. ಉಸಿರು ನಿಂತವರಿಗೆ ಎದೆ ಒತ್ತುವುದನ್ನು ಕಲಿಸುವ ಗೊಂಬೆಯನ್ನು 1960ರಲ್ಲಿ ಮಾಡಿದ್ದು ನಾರ್ವೆ ದೇಶದ ಆಟಿಕೆ ತಯಾರಕ ಆಸ್ಮುಂಡ್ ಲಾರ್ಡಲ್ ಅವರ ಸಂಸ್ಥೆ. ದೊಡ್ಡವರಿಗಾದರೆ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಒತ್ತಿದ್ದು ಸಾಲದೋ ಹೆಚ್ಚಾಯಿತೋ ಎಂಬುದನ್ನು ಇಂದಿನ ಗೊಂಬೆಗಳು ಪರದೆಯ ಮೇಲೆ ಆ ಕ್ಷಣವೇ ತೋರಿಸುತ್ತವೆ. ಗೊಂಬೆಯ ಮೇಲೆ ನೂರು ಸಲ ತಪ್ಪಿದರೂ ಯಾರಿಗೂ ನೋವಿಲ್ಲ.

ಪುಸ್ತಕದ ಮಾತೂ ಹಾಗೆಯೇ. ರಾಜ್ಯದ ಹೆಚ್ಚಿನ ನರ್ಸಿಂಗ್ ಕಾಲೇಜುಗಳು ಸೇರಿರುವುದು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ. ಅದು 2003ರಲ್ಲಿ 'ಹೆಲಿನೆಟ್' ಎಂಬ ಡಿಜಿಟಲ್ ಗ್ರಂಥಾಲಯ ಜಾಲವನ್ನು ಆರಂಭಿಸಿತು. ಹೊರದೇಶದ ದುಬಾರಿ ವೈದ್ಯಕೀಯ ಪತ್ರಿಕೆಗಳನ್ನು ಆ ಜಾಲದ ಕಾಲೇಜುಗಳ ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿಯೇ ಓದಬಹುದು. ಕೇಂದ್ರ ಸರ್ಕಾರದ 'ಸ್ವಯಂ' ಜಾಲತಾಣದಲ್ಲಿ ಉಚಿತ ಪಾಠಗಳಿವೆ. ಹುಡುಕಲು ಬಂದರೆ ಇವೆಲ್ಲ ನಮ್ಮ ಮಕ್ಕಳದೇ.

6. ರೋಗಿಯ ಮಾಹಿತಿ ಅಮಾನತ್ತು

ಈ ಪಾಠದಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದ ಭಾಗ ಗುಟ್ಟು ಕಾಪಾಡುವುದು. ಪರರು ನಂಬಿ ಒಪ್ಪಿಸಿದ ವಸ್ತುವನ್ನು ನಾವು ಅಮಾನತ್ತು ಎನ್ನುತ್ತೇವೆ. ರೋಗಿ ಹೇಳಿದ ಕಾಯಿಲೆಯೂ ಅಮಾನತ್ತೇ. ಹಿಂದೆ ದಾಖಲೆಯ ಕಡತ ವಾರ್ಡಿನ ಬೀರುವಿನಲ್ಲಿರುತ್ತಿತ್ತು. ಈಗ ಒಂದು ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರೆ ಐದು ನಿಮಿಷದಲ್ಲಿ ಇಡೀ ಊರಿಗೆ ಗೊತ್ತಾಗುತ್ತದೆ. ವಾರ್ಡಿನ ಫೋಟೋ ತೆಗೆಯಬಾರದು, ತನ್ನ ಪಾಸ್‌ವರ್ಡ್ ಗೆಳತಿಗೂ ಕೊಡಬಾರದು, ಎದ್ದು ಹೋಗುವಾಗ ಪರದೆ ಮುಚ್ಚಿ ಹೋಗಬೇಕು, ಪರಿಚಯದವರ ವರದಿಯನ್ನು ಕುತೂಹಲಕ್ಕೆ ತೆರೆದು ನೋಡಬಾರದು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯ್ದೆಯನ್ನೂ ಮಾಡಿದೆ. ಪೋಷಕರಲ್ಲಿಯೂ ಒಂದು ವಿನಂತಿ: "ಪಕ್ಕದ ಬೀದಿಯ ಅವರಿಗೆ ಏನಂತೆ?" ಎಂದು ಮಗಳನ್ನು ಕೇಳಬೇಡಿ. ಹೇಳದಿದ್ದರೆ ಅದು ಅವಳ ಗರ್ವವಲ್ಲ, ಅವಳ ವೃತ್ತಿಧರ್ಮ.

7. ಕಷ್ಟ ಎಲ್ಲಿದೆ?

ನಮ್ಮ ಹೆಣ್ಣುಮಕ್ಕಳು ದಡ್ಡರಲ್ಲ. ಕಷ್ಟವಿರುವುದು ಅಭ್ಯಾಸಕ್ಕೆ ಸಿಗುವ ಅವಕಾಶದಲ್ಲಿ. ಬೆರಳಚ್ಚು, ಪಟ್ಟಿ, ಕೋಷ್ಟಕ, ಹುಡುಕಾಟ, ಇವು ಸೈಕಲ್ ಕಲಿತ ಹಾಗೆ. ನೋಡಿ ಬರುವುದಿಲ್ಲ, ತುಳಿದೇ ಬರಬೇಕು. ಪ್ರಯೋಗಾಲಯದ 40 ಗಂಟೆಯಲ್ಲಿ ಒಂದು ಯಂತ್ರಕ್ಕೆ ಮೂವರು ಕುಳಿತರೆ ಮನೆಯಲ್ಲಿ ಕಂಪ್ಯೂಟರ್ ನೋಡಿದ ಹುಡುಗಿ ಕೀಲಿಮಣೆ ಹಿಡಿಯುತ್ತಾಳೆ. ಕನ್ನಡ, ಉರ್ದು ಮಾಧ್ಯಮದಿಂದ ಬಂದ ನಮ್ಮ ಹುಡುಗಿ ಹಿಂದೆ ನಿಂತು ನೋಡುತ್ತಾಳೆ. ಮನೆಯಲ್ಲಿ ಇರುವ ಒಂದೇ ಫೋನು ತಂದೆಯ ಜೇಬಿನಲ್ಲೋ ಅಣ್ಣನ ಕೈಯಲ್ಲೋ ಇರುತ್ತದೆ. ರಾತ್ರಿ ಹತ್ತರ ಮೇಲೆ ಅವಳ ಸರದಿ. ಹೀಗೆ ಹಿಂದೆ ಉಳಿದವಳು ಪರೀಕ್ಷೆಯಲ್ಲಿ ಬಾಯಿಪಾಠದಿಂದ ಪಾಸಾಗಬಹುದು. ಆದರೆ ಕೆಲಸಕ್ಕೆ ಸೇರಿದ ಮೊದಲ ವಾರ ವಾರ್ಡಿನ ಪರದೆಯ ಮುಂದೆ ಅವಳ ಕೈ ನಡುಗುತ್ತದೆ. ಅದರ ಪರಿಣಾಮ ಅವಳ ಕೆಲಸದ ಮೇಲಷ್ಟೇ ಅಲ್ಲ, ರೋಗಿಯ ಮೇಲೂ ಆಗುತ್ತದೆಂಬುದನ್ನು ಮೇಲಿನ ಲೆಕ್ಕದಲ್ಲಿ ನೋಡಿದೆವು.

8. ದಾನಿಗಳಲ್ಲಿ ನಮ್ಮ ಕೋರಿಕೆ

ಪ್ರತಿಯೊಬ್ಬರಿಗೂ ಹೊಸ ಲ್ಯಾಪ್‌ಟಾಪ್ ಬೇಕೆಂದು ನಾವು ಕೇಳುತ್ತಿಲ್ಲ. ಕಚೇರಿಗಳಲ್ಲಿ ಬಳಸಿ ಬಿಟ್ಟ, ದುರಸ್ತಿಯಾದ ಲ್ಯಾಪ್‌ಟಾಪ್ ಈ ಓದಿಗೆ ಸಾಕು. ಅವನ್ನು ಟ್ರಸ್ಟಿನ ಹೆಸರಿನಲ್ಲಿಯೇ ಇಟ್ಟು, ಓದು ಮುಗಿಯುವವರೆಗೆ ಎರವಲು ಕೊಟ್ಟು, ಮುಗಿದ ಮೇಲೆ ಮುಂದಿನವರಿಗೆ ದಾಟಿಸುವುದು ನಮ್ಮ ಆಲೋಚನೆ. ಒಂದು ಯಂತ್ರದಲ್ಲಿ ಇಬ್ಬರಾದರೂ ಓದಿಯಾರು.

ಒಂದು ವಿಷಯ ಸ್ಪಷ್ಟವಾಗಿರಲಿ. ಝಕಾತ್ ಹಣ ಅರ್ಹರ ಕೈಗೆ ಒಡೆತನವಾಗಿಯೇ ಸೇರಬೇಕೆಂಬುದು ಹನಫಿ ಉಲಮಾಗಳ ನಿಲುವು. ಎರವಲು ಕೊಡುವ ಯಂತ್ರಕ್ಕೆ ಆ ಹಣವನ್ನು ಬಳಸುವಂತಿಲ್ಲ. ಆದ್ದರಿಂದ ಝಕಾತ್ ಹಣ ಎಂದಿನಂತೆ ಅರ್ಹ ವಿದ್ಯಾರ್ಥಿಗಳ ಕೈಗೇ ಸೇರುತ್ತದೆ. ಯಂತ್ರಗಳಿಗೆ ಸದಖಾ ಮತ್ತು ಸಾಮಾನ್ಯ ದೇಣಿಗೆಯನ್ನು ಮಾತ್ರ ಬಳಸುತ್ತೇವೆ. ದೇಣಿಗೆ ಕೊಡುವಾಗ ಯಾವುದೆಂದು ರಸೀದಿಯಲ್ಲಿ ಬರೆಸಿರಿ. ಲ್ಯಾಪ್‌ಟಾಪ್ ಕೊಡಲಾಗದವರು ಭಾನುವಾರ ಎರಡು ಗಂಟೆ ಕುಳಿತು ಮಕ್ಕಳಿಗೆ ಬೆರಳಚ್ಚು ಕಲಿಸಿದರೆ ಅದೂ ದೊಡ್ಡ ದೇಣಿಗೆಯೇ.

9. ಅರ್ಜಿ ಹಾಕುವ ಕುಟುಂಬಗಳಿಗೆ

ಕಾಲೇಜು ಸೇರಿಸುವ ಮೊದಲು ಅದಕ್ಕೆ ಭಾರತೀಯ ನರ್ಸಿಂಗ್ ಪರಿಷತ್ತು, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತು ಮತ್ತು ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ ಎಂದು ನೋಡಿ. ಬಿ.ಎಸ್ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಇರಬೇಕು. ಮೂರು ವರ್ಷದ ಜಿಎನ್‌ಎಂ ಕೋರ್ಸಿಗೆ ಕಲಾ ವಿಭಾಗದವರೂ ಅರ್ಜಿ ಹಾಕಬಹುದು. ಕಾಲೇಜು ನೋಡಲು ಹೋದಾಗ ಕಟ್ಟಡವನ್ನಷ್ಟೇ ನೋಡಿ ಬರಬೇಡಿ. ಕಂಪ್ಯೂಟರ್ ಕೊಠಡಿ, ಕೌಶಲ ಪ್ರಯೋಗಾಲಯ ತೆರೆಸಿ ನೋಡಿ. ಒಂದು ಯಂತ್ರಕ್ಕೆ ಎಷ್ಟು ಮಂದಿ ಎಂದು ಕೇಳಿ.

ಆಧಾರ್, ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್, ನಾಲ್ಕರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಆಗಿರಲಿ. ಒಂದರಲ್ಲಿ ಬಾನು, ಇನ್ನೊಂದರಲ್ಲಿ ಬೇಗಂ ಎಂದಿದ್ದರೆ ಈಗಲೇ ತಿದ್ದಿಸಿ. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ, ಮುಂದೆ ನರ್ಸ್ ಆಗಿ ನೋಂದಣಿ, ಎಲ್ಲ ಕಡೆಯೂ ಕಂಪ್ಯೂಟರ್ ಹೆಸರನ್ನು ತಾಳೆ ನೋಡುತ್ತದೆ. ನಮ್ಮ ಟ್ರಸ್ಟಿಗೆ ಅರ್ಜಿ ಹಾಕುವವರು ಸೈಬರ್ ಸೆಂಟರಿನವರ ಕೈಗೆ ಕಾಗದ ಕೊಟ್ಟು ಬರಬೇಡಿ. ಮಗಳೇ ಪಕ್ಕದಲ್ಲಿ ಕುಳಿತು ತನ್ನ ವಿವರವನ್ನು ತಾನೇ ತುಂಬಲಿ, ಎರಡು ಸಲ ಓದಿ ಕಳಿಸಲಿ. ಅವಳ ಇನ್ಫರ್ಮ್ಯಾಟಿಕ್ಸ್ ಪಾಠ ಅಲ್ಲಿಂದಲೇ ಶುರುವಾಗುತ್ತದೆ.

ಮನೆಯಲ್ಲಿ ದಿನಕ್ಕೆ ಒಂದು ಗಂಟೆ, ರಾತ್ರಿ ಹತ್ತರ ಮೊದಲು, ಫೋನು ಅವಳದಾಗಿರಲಿ. ಎಲ್ಲರೂ ಇರುವ ಕೋಣೆಯಲ್ಲಿಯೇ ಕುಳಿತು ಓದಲಿ; ಅಡ್ಡಿಯಿಲ್ಲ.

10. ಅಭ್ಯಾಸ

ಶಿಕ್ಷಕರಾದ ಮೇಲೆ ಮನೆಪಾಠ ಕೊಡದೆ ಮುಗಿಸುವುದು ಹೇಗೆ? ಈ ವರ್ಷ ಅರ್ಜಿ ಹಾಕುವ ವಿದ್ಯಾರ್ಥಿಗಳು ಮೂರು ಕೆಲಸ ಮಾಡಿಕೊಂಡು ಸಂದರ್ಶನಕ್ಕೆ ಬರಬೇಕು.

ಒಂದು: ಮನೆಯ ಹಿರಿಯರೊಬ್ಬರು ವಿಶ್ರಾಂತಿಯಲ್ಲಿರುವಾಗ ಅವರ ಉಸಿರಾಟವನ್ನು ಪೂರ್ತಿ ಒಂದು ನಿಮಿಷ ಎಣಿಸಿ, ಏಳು ದಿನ, ದಿನಾಂಕ ಮತ್ತು ಸಮಯದೊಡನೆ ಬರೆಯಿರಿ. ಎಣಿಸಲಾಗದ ದಿನ 'ಎಣಿಸಲಿಲ್ಲ' ಎಂದೇ ಬರೆಯಿರಿ.

ಎರಡು: ಆ ಏಳು ಅಂಕಿಗಳನ್ನು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಕೋಷ್ಟಕವಾಗಿ ಮಾಡಿರಿ. ಬಾರದಿದ್ದರೆ ಕಾಗದದ ಮೇಲೆ ಗೆರೆ ಎಳೆದು ತನ್ನಿರಿ. ಉಳಿದದ್ದನ್ನು ಒಟ್ಟಿಗೆ ಕಲಿಯೋಣ.

ಮೂರು: ಮೇಲಿನ ಲೆಕ್ಕದಲ್ಲಿ ಆ ತಾಯಿಯ ನಾಡಿ 104ರ ಬದಲು 112 ಇದ್ದರೆ ಅಂಕ 1ರ ಬದಲು 2 ಆಗುತ್ತದೆ. ಆಗ ಒಟ್ಟು ಎಷ್ಟು? ಏನು ಮಾಡಬೇಕು?

ಮೊದಲನೆಯ ಪ್ರಶ್ನೆಗೆ ಏಳು ದಿನವೂ ತುಂಬಿದ ಪಟ್ಟಿ ತರುವವರಿಗಿಂತ, ಎಣಿಸದ ದಿನವನ್ನು ಎಣಿಸಲಿಲ್ಲವೆಂದು ಬರೆದು ತರುವವರನ್ನು ನಾವು ಹೆಚ್ಚು ಗೌರವದಿಂದ ಕಾಣುತ್ತೇವೆ. ಅಂಥ ಕೈಗೆ ಕಂಪ್ಯೂಟರ್ ಕೊಟ್ಟರೆ ರೋಗಿಗಳು ಕ್ಷೇಮವಾಗಿರುತ್ತಾರೆ. ಆ ಕೈಗಳನ್ನು ಸಿದ್ಧಪಡಿಸುವ ಈ ಕೆಲಸದಲ್ಲಿ ನೀವೆಲ್ಲ ಜೊತೆಗಿರುತ್ತೀರಿ, ಇನ್‌ಶಾ ಅಲ್ಲಾಹ್.